ಹೆಜ್ಜೇನು ಕಟ್ಟಿದ್ದ ಮಠದ ಅಟ್ಟ

ಅಪ್ಪ ಯಾವುದಕ್ಕಾದರೂ ಹೆದರಿದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಫೋಟೊ ಸ್ಟುಡಿಯೊ ಇತ್ತು. ಮದುವೆ, ನಾಮಕರಣ, ಶಾಲೆಯ ಮಕ್ಕಳ ಗ್ರೂಪ್ ಫೋಟೊ ದಿನನಿತ್ಯದ ಕೆಲಸ. ನಮ್ಮವರಲ್ಲಿ ಯಾರಾದರೂ ತೀರಿಕೊಂಡರೆ, ಪದ್ಧತಿಯಂತೆ ದೇಹವನ್ನು ಕೂರಿಸಿ ಹಾರ ಹಾಕಿದ ಮೇಲೆ ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಅಪ್ಪ ಹೋಗಿ, ಹೆಣದ ತಲೆಯನ್ನು ತಾನೇ ನೆಟ್ಟಗೆ ನಿಲ್ಲಿಸಿ, ವಿಭೂತಿ ಸರಿಮಾಡಿ, ಫೋಟೊ ತೆಗೆದು, ಮನೆಗೆ ಬಂದು ಸ್ನಾನ ಮಾಡಿ ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತಿದ್ದ. ಕೊಟ್ಟಿಗೆಹಾರದ ಆಚೆ ಘಾಟಿಯಲ್ಲಿ ಲಾರಿ ಉರುಳಿದಾಗ ಹಗ್ಗ ಹಿಡಿದು ಕಣಿವೆಗೆ ಇಳಿದವನೂ ಅವನೇ.

ನಾನು ಮಾತ್ರ ಪುಕ್ಕಲಿ. ಡಿಗ್ರಿ ಮುಗಿಸಿ ಬಂದು, ಮನೆಯಲ್ಲಿ ಮದುವೆಯ ಮಾತು ಎದ್ದಾಗಲೆಲ್ಲ ಡಾರ್ಕ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಆ ಕೆಂಪು ಬಲ್ಬಿನ ಮಬ್ಬಿನಲ್ಲಿ ನನಗೆ ಹೆದರಿಕೆ ಆಗುತ್ತಿರಲಿಲ್ಲ. ಹೊರಗಿನ ಪ್ರಪಂಚದಲ್ಲಿ ಎಲ್ಲದಕ್ಕೂ ಹೆದರಿಕೆ. ಏಣಿ ಹತ್ತಲು ಹೆದರಿಕೆ, ಸೇತುವೆ ದಾಟಲು ಹೆದರಿಕೆ. ಆದರೂ ಆ ಒಂದೆರಡು ವರ್ಷಗಳಿಂದ ಅಪ್ಪ ಹೋದಲ್ಲೆಲ್ಲ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಫೋಕಸ್ ಮಾಡುವುದನ್ನು ನನಗೇ ಬಿಡುತ್ತಿದ್ದ. "ನೀನು ಕಲೀಬೇಕು ಮಗಾ" ಅನ್ನುತ್ತಿದ್ದ. ಕಲಿಸುವುದಕ್ಕೇ ಹಾಗೆ ಮಾಡುತ್ತಾನೆ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯ ಭಾಗ. ಮಾರ್ಚ್ ತಿಂಗಳಲ್ಲಿ ಒಂದು ಒಳ್ಳೆ ಹದ ಮಳೆ ಬಿದ್ದು ಕಾಫಿ ಹೂವಾಗಿತ್ತು. ಆ ಹೊತ್ತಿನಲ್ಲಿ ಕಳಸದ ಕಡೆಯ ಎಸ್ಟೇಟೊಂದರ ರೈಟರ್ ಜೀಪಿನಲ್ಲಿ ನಮ್ಮ ಸ್ಟುಡಿಯೊಕ್ಕೆ ಬಂದರು. ತೋಟದ ಆಳುಗಳ ಹಾಜರಿ, ಲೆಕ್ಕ ನೋಡಿಕೊಳ್ಳುವ ಕೆಲಸ ಅವರದು; ಅವರ ಎಸ್ಟೇಟಿನ ತಲೆಯ ಮೇಲೆ, ಗುಡ್ಡದ ಹೆಗಲಿನಲ್ಲಿ ಇದ್ದ ಹಳೆಯ ಮಠಕ್ಕೆ ಭಕ್ತರು ಕೂಡ.

"ಯಜಮಾನ್ರೇ, ನಮ್ ಮಠದ ಬುದ್ಧಿಯೋರು ನಿಮ್ಮನ್ನ ಕರ್ಕೊಂಡ್ ಬಾ ಅಂದ್ರು," ಅಂದರು ರೈಟರ್. "ಮಠದ ಹಳೇ ಹಜಾರಕ್ಕೆ ಗೆದ್ದಲು ಹಿಡ್ದು ಏನೂ ಉಳ್ದಿಲ್ಲ. ಈ ಮಳೆಗಾಲದೊಳಗೆ ಮಾಡು ಬಿಚ್ಚಿಸ್ಬೇಕು. ಬಿಚ್ಚೋಕ್ ಮುಂಚೆ ಕಂಬ, ಬಾಗ್ಲು, ಅಟ್ಟದ ಮೇಲಿನ ಚಿತ್ರ ಎಲ್ಲಾ ಫೋಟೊ ಆಗ್ಬೇಕಂತೆ. ಆಮೇಲೆ ಅದನ್ನ ನೋಡ್ಕೊಂಡು ಮತ್ತೆ ಕಟ್ಟಿಸ್ಬೋದಲ್ಲ."

ಅಪ್ಪನ ಮುಖ ಅರಳಿತು. ಹೆಣ, ಮದುಮಕ್ಕಳು ಬಿಟ್ಟು ಬೇರೇನನ್ನಾದರೂ ತೆಗೆಯುವ ಆಸೆ ಅವನಿಗೆ ಬಹಳ ವರ್ಷಗಳಿಂದ ಇತ್ತು.

ಮಾರನೆಯ ದಿನ ಬೆಳಿಗ್ಗೆಯೇ ಹೊರಟೆವು. ಕಳಸ ದಾಟಿ, ಎಸ್ಟೇಟಿನ ಮಣ್ಣುದಾರಿ ಹಿಡಿದು, ಜೀಪು ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತಿತು. ಎರಡೂ ಕಡೆ ಕಾಫಿ ಗಿಡಗಳ ರೆಂಬೆಗಳ ಮೇಲೆ ಬಿಳಿ ಹೂವು ಸಾಲುಗಟ್ಟಿತ್ತು. ಪರಿಮಳ ಎಷ್ಟು ದಟ್ಟವಾಗಿತ್ತೆಂದರೆ ನನಗೆ ತಲೆ ಸುತ್ತುವಂತಾಯಿತು. ಜೀಪು ಅರಳೀಕಟ್ಟೆಯ ಹತ್ತಿರ ನಿಂತಿತು. ಇಂಜಿನ್ ಆಫ್ ಆದ ಮೇಲೂ ಏನೋ ಒಂದು ಸದ್ದು ಉಳಿದೇ ಇತ್ತು. ದೂರದಲ್ಲಿ ಎಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ.

"ಅದೇನು ಸದ್ದು?" ಅಂದೆ.

ರೈಟರ್ ಬೆರಳು ಎತ್ತಿ ತೋರಿಸಿದರು. ಮಠದ ಮುಂದಿನ ಅಂಗಳ, ಅಂಗಳದ ಆಚೆ ಎರಡು ಅಂತಸ್ತಿನ ಮರದ ಹಜಾರ. ಅದರ ಹಂಚಿನ ಮಾಡು ಹೊರಕ್ಕೆ ಚಾಚಿಕೊಂಡಿದ್ದ ಸೂರಿನಡಿ, ಅಟ್ಟದ ಕಿಟಕಿಗಳ ನೆತ್ತಿಯ ಮೇಲೆ, ಕರೀ ಕಂಬಳಿಗಳನ್ನು ಒಣಹಾಕಿದ ಹಾಗೆ ಹೆಜ್ಜೇನಿನ ತಟ್ಟಿಗಳು ಸಾಲಾಗಿ ತೂಗುತ್ತಿದ್ದವು. ನಾವು ನೋಡುತ್ತಿರುವಂತೆಯೇ ಒಂದು ತಟ್ಟಿಯ ಮೇಲೆ ಅಲೆ ಎದ್ದಿತು. ಸಾವಿರಾರು ಹುಳಗಳು ಒಟ್ಟಿಗೇ ಹಿಂಭಾಗ ಎತ್ತಿ ಇಳಿಸಿದ ಅಲೆ, ತುದಿಯಿಂದ ಬುಡದವರೆಗೆ ಹರಿದು ಹೋಯಿತು. ನನ್ನ ಬೆನ್ನುಹುರಿಯಲ್ಲಿ ಅದೇ ಅಲೆ ಇಳಿಯಿತು.

"ಜೋರಾಗಿ ಮಾತಾಡ್ಬೇಡಿ, ಓಡ್ಬೇಡಿ, ಅಷ್ಟೇ," ಅಂದರು ರೈಟರ್. "ಎಣ್ಣೆ, ಸೆಂಟು ಏನಾದ್ರೂ ಹಚ್ಕೊಂಡ್ ಬಂದಿದೀರಾ ತಂಗೀ?"

ನಾನು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ. ಸೆರಗನ್ನು ತಲೆಯ ಮೇಲೆ ಹೊದ್ದು, ಉಸಿರು ಬಿಗಿಹಿಡಿದು, ಅಂಗಳ ದಾಟಿದೆ. ಅಪ್ಪ ಕ್ಯಾಮೆರಾ ಪೆಟ್ಟಿಗೆ ಹೊತ್ತುಕೊಂಡು ಸಂತೆಗೆ ಹೋಗುವವನ ಹಾಗೆ ಮುಂದೆ ನಡೆದ.

ಮಠದ ಸ್ವಾಮಿಗಳಿಗೆ ಎಪ್ಪತ್ತು ದಾಟಿತ್ತು. ತೆಳ್ಳಗೆ, ಬೆನ್ನು ಸ್ವಲ್ಪ ಬಾಗಿ, ಮಾತು ಬಹಳ ಮೆತ್ತಗೆ. ಮಠದಲ್ಲಿ ಅವರನ್ನು ಬಿಟ್ಟರೆ ಇದ್ದವರು ಅಡಿಗೆಯ ಅಕ್ಕ ಒಬ್ಬರೇ. ಆಕೆ ಗಂಡ ತೀರಿಕೊಂಡ ಮೇಲೆ ಸಂಸೆಯಿಂದ ಬಂದು ಅಲ್ಲೇ ನೆಲೆನಿಂತವರು. ಪಾದಮುಟ್ಟಿ ನಮಸ್ಕಾರ ಮಾಡಿದ ಮೇಲೆ ಅಪ್ಪನೇ ಕೇಳಿದ:

"ಬುದ್ಧಿ, ಜೇನು ಬಿಡಿಸ್ಬಾರ್ದಾ? ನಮ್ ಕಡೆ ಹೊಗೆ ಹಾಕೋರು ಇದಾರೆ."

ಸ್ವಾಮಿಗಳು ನಕ್ಕರು. "ಅವು ಈ ಮಠದ ಒಕ್ಕಲು ಯಜಮಾನ್ರೇ. ಕಾಫಿ ಹೂವಾದಾಗ ಬರ್ತವೆ, ಮಳೆ ಹಿಡಿಯೋ ಮುಂಚೆ ಹೋಗ್ತವೆ. ಈ ಸೂರಿನಡಿ ಹೊಗೆ ಹಾಕಲ್ಲ ಅಂತ ನಮ್ಮ ಗುರುಗಳ ಹತ್ರ ಮಾತು ಕೊಟ್ಟಿದೀನಿ. ಅವು ಹೋದ್ಮೇಲೇ ಮಾಡು ಬಿಚ್ಚೋದು. ನೀವು ನಿಮ್ಮ ಕೆಲ್ಸ ಮಾಡ್ಕೊಳ್ಳಿ, ಅವು ಅವುಗಳ ಕೆಲ್ಸ ಮಾಡ್ಕೊಳ್ತವೆ."

ಕಾಫಿ ತಂದ ಅಡಿಗೆಯ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಬೇರೆಯೇ ಹೇಳಿದರು. "ಹೋದ ವರ್ಷ ಅಂಗಳದಲ್ಲಿ ಕರ ಕಟ್ಟಿದ್ದೆ ತಂಗೀ. ಒಂದು ಹದ್ದು ಬಂದು ತಟ್ಟಿಗೆ ಹೊಡ್ದಿತ್ತು. ಹಗ್ಗ ಬಿಚ್ಚೋಕೂ ಆಗ್ಲಿಲ್ಲ ನಂಗೆ. ಕಿಟಕೀಲಿ ನಿಂತು ನೋಡ್ದೆ ಅಷ್ಟೇ. ಕರ ಉಳೀಲಿಲ್ಲ." ಆಮೇಲೆ ನನ್ನ ಮುಖ ನೋಡಿ, "ನೀನು ಹೆದ್ರಬೇಡ ಮತ್ತೆ" ಅಂದರು. ನಾನು ಕಾಫಿಯನ್ನು ಹಾಗೇ ಕೆಳಗಿಟ್ಟೆ.

ಮೊದಲು ಕೆಳಗಿನ ಹಜಾರ ತೆಗೆದೆವು. ಹಲಸಿನ ಮರದ ಕಂಬಗಳು, ಒಂದೊಂದೂ ನನ್ನಂಥ ಇಬ್ಬರು ತಬ್ಬಿಕೊಳ್ಳಬೇಕಾದಷ್ಟು ದಪ್ಪ. ಬುಡದಲ್ಲಿ ಆನೆ, ನಡುವೆ ಬಳ್ಳಿ, ಮೇಲೆ ತೊಲೆ ಹೊರುವ ಬೋದಿಗೆಯಲ್ಲಿ ತಲೆಕೆಳಗಾದ ಗಿಳಿಗಳು. ಅವನ್ನು ಕೆತ್ತಿದವನು ಎಲ್ಲಾ ಗಿಳಿಗಳನ್ನೂ ಒಂದೇ ಥರ ಕೆತ್ತಿರಲಿಲ್ಲ. ಒಂದು ಹಣ್ಣು ತಿನ್ನುತ್ತಿತ್ತು, ಒಂದು ಜಗಳಕ್ಕೆ ನಿಂತಿತ್ತು, ಒಂದು ರೆಕ್ಕೆಯಡಿ ಮೂಗು ಇಟ್ಟು ನಿದ್ದೆ ಹೋಗಿತ್ತು. ಹಜಾರದ ಹಿಂದೆ ಕಲ್ಲಿನಲ್ಲಿ ಕಟ್ಟಿದ ಒಂದು ಸಣ್ಣ ಕೋಣೆ, ಮಠ ಕಟ್ಟಿದ ಮೂಲ ಗುರುಗಳ ಗದ್ದುಗೆ. ಕಿಟಕಿ ಇಲ್ಲದ, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲಿನ ಕೋಣೆ. ಬಾಗಿಲುವಾಡದ ಕಲ್ಲಿನ ಮೇಲೆ ಎರಡು ಹಂಸ. ಅಪ್ಪ "ಇಲ್ಲಿ ನೋಡು, ಇಲ್ಲಿ ನೋಡು" ಎಂದು ಮಗುವಿನ ಹಾಗೆ ಓಡಾಡಿದ. ಆದರೆ ಎಲ್ಲವನ್ನೂ ಅವನು ಬೆರಳಿನಿಂದ ಸವರಿ ನೋಡುತ್ತಿದ್ದ. ಆಗ ನನಗದು ಭಕ್ತಿಯಂತೆ ಕಂಡಿತು.

ಚಿತ್ರಗಳಿದ್ದದ್ದು ಅಟ್ಟದ ಮೇಲ್ಛಾವಣಿಯ ಹಲಗೆಗಳ ಮೇಲೆ. ಅಟ್ಟಕ್ಕೆ ಒಂದು ಕಡಿದಾದ ಮರದ ಏಣಿ. ಸ್ವಾಮಿಗಳೇ ಅಲ್ಲಿಗೆ ಹತ್ತಿ ಎಷ್ಟೋ ವರ್ಷವಾಗಿತ್ತು. ಕೆಳಗಿನಿಂದ ಮರದ ಮುಂಡುಗಳನ್ನು ಆಸರೆ ಕೊಟ್ಟು ತೊಲೆಗಳನ್ನು ನಿಲ್ಲಿಸಿದ್ದರು.

"ಹಗುರ ಇರೋರು ಒಬ್ರು ಹತ್ತಿದ್ರೆ ತಡೀಬೋದು," ಅಂದರು ರೈಟರ್.

ಹಗುರ ಇದ್ದವಳು ನಾನೇ.

"ಅಪ್ಪಾ, ನಂಗಾಗಲ್ಲ," ಅಂದೆ.

"ಆಗತ್ತೆ ಮಗಾ. ತೊಲೆ ಇರೋ ಕಡೇನೇ ಕಾಲಿಡು. ನಾನು ಕೆಳಗೇ ಇರ್ತೀನಿ, ನೀನು ಎಲ್ಲಿ ಹೋದ್ರೆ ಅಲ್ಲೇ ಅಡೀಲಿ ನಿಂತಿರ್ತೀನಿ."

ಅವನು ಅಡಿಯಲ್ಲಿ ನಿಂತಿದ್ದರೆ ಬಿದ್ದಾಗ ಅವನ ತಲೆಯ ಮೇಲೇ ಬೀಳುತ್ತೇನೆ ಅನ್ನುವುದು ಬಿಟ್ಟರೆ ಅದರಿಂದ ಏನು ಉಪಯೋಗವೋ ನನಗೆ ಹೊಳೆಯಲಿಲ್ಲ. ಆದರೂ ಹತ್ತಿದೆ. ಏಣಿಯ ಮೆಟ್ಟಿಲು ಒಂದೊಂದೂ ಒಂದೊಂದು ಸ್ವರದಲ್ಲಿ ಕಿರುಗುಟ್ಟಿತು. ಮೇಲೆ ಕಿಟಕಿಗಳೆಲ್ಲ ಮುಚ್ಚಿದ್ದವು. ಆ ಕಿಟಕಿಗಳ ಹೊರಗೇ, ಒಂದು ಹಲಗೆಯ ಆಚೆಯೇ ಹೆಜ್ಜೇನು. ಹಲಗೆಗೆ ಕೈಯಿಟ್ಟರೆ ಸಣ್ಣಗೆ ನಡುಗುತ್ತಿರುವುದು ಅಂಗೈಗೆ ಗೊತ್ತಾಗುತ್ತಿತ್ತು. ಟಾರ್ಚು ಹಾಕಿ ಮೇಲೆ ನೋಡಿದೆ. ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

ಚಾವಣಿಯ ತುಂಬ ವೀರಭದ್ರ. ಕೆಮ್ಮಣ್ಣಿನ ಬಣ್ಣದ ಮೈ, ಕಾಡಿಗೆಯ ಮೀಸೆ, ಅಷ್ಟೂ ಕೈಗಳಲ್ಲಿ ಆಯುಧ, ಸುತ್ತ ಡೊಳ್ಳು ಬಡಿಯುವ, ಹಲ್ಲು ಕಿರಿಯುವ ಗಣಗಳು. ಅದೊಂದು ಬರಿಯ ಬಣ್ಣದ ಹಲಗೆ ಅಂತ ನನಗೆ ನಾನೇ ಹೇಳಿಕೊಂಡರೂ ಟಾರ್ಚನ್ನು ಆ ಕಣ್ಣುಗಳಿಂದ ಬೇರೆ ಕಡೆಗೆ ತಿರುಗಿಸಿದೆ.

ಚಾವಣಿಯನ್ನು ತೆಗೆಯಬೇಕಾದರೆ ನಮ್ಮ ಎರಡು ಲೆನ್ಸಿನ ಹಳೆಯ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ನಾನೂ ಅದರ ಪಕ್ಕ ಮಲಗಿ, ಗಾಜಿನಲ್ಲಿ ಓರೆಯಾಗಿ ನೋಡಬೇಕು. ಫ್ಲ್ಯಾಶ್ ಹಾಕುವಂತಿಲ್ಲ, ಹಳೆಯ ಎಣ್ಣೆಯ ಜಿಡ್ಡಿಗೆ ಬೆಳಕು ಹೊಳೆದು ಬಣ್ಣ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಚಾವಣಿಯ ಅಂಚಿನಲ್ಲಿ ಹಂಚಿನ ಸಂದಿಯಿಂದ ಬರುವ ಬೆಳಕೇ ಗತಿ. ಶಟರ್ ತೆರೆದು, ಬಹಳ ಹೊತ್ತು ಹಾಗೇ ಹಿಡಿದಿರಬೇಕು. ಅಷ್ಟೂ ಹೊತ್ತು ನಾನು ಅಲುಗಿದರೆ ಹಲಗೆ ಅಲುಗುತ್ತದೆ, ಹಲಗೆ ಅಲುಗಿದರೆ ಕ್ಯಾಮೆರಾ ಅಲುಗುತ್ತದೆ, ಫೋಟೊ ಹೋಯಿತು.

ಅಪ್ಪ ಕೆಳಗಿನಿಂದ ಮೆಲ್ಲಗೆ ಎಣಿಸುತ್ತಿದ್ದ. ನಾನು ಮಲಗಿಕೊಂಡು ಉಸಿರನ್ನು ಎದೆಯ ಮೇಲ್ಭಾಗದಲ್ಲಿಯೇ ಆಡಿಸುತ್ತಿದ್ದೆ. ಬೆನ್ನಿನ ಕೆಳಗೆ ಗೆದ್ದಲು ತಿಂದ ಹಲಗೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿರುವುದು ರವಿಕೆಯ ಮೂಲಕವೇ ತಿಳಿಯುತ್ತಿತ್ತು. ಎಲ್ಲೋ ಒಂದು ತೊಲೆ ಟಕ್ ಅನ್ನುತ್ತಿತ್ತು. ಹಾಗೆ ಅಂದ ಮೇಲೆ ಮುಂದಿನ ಸದ್ದಿಗೆ ಕಾಯುವುದಿದೆಯಲ್ಲ, ಅದರಷ್ಟು ಉದ್ದದ ಕಾಲವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕಿವಿಯ ಪಕ್ಕದಲ್ಲಿ ಜೇನಿನ ಮೊರೆತ. ಮೇಲೆ ಆ ಕಣ್ಣುಗಳು. ಅಪ್ಪನ ದನಿ ಒಂದೇ ನನ್ನನ್ನು ಹಿಡಿದುಕೊಂಡಿತ್ತು.

ಇಷ್ಟೆಲ್ಲ ಮಾಡಿ ಮೂಡಿಗೆರೆಗೆ ಬಂದು ರೋಲು ತೊಳೆದರೆ ಕಂಬಗಳು, ಗಿಳಿ, ಹಂಸ ಎಲ್ಲವೂ ಚೆನ್ನಾಗಿ ಬಂದಿದ್ದವು. ಚಾವಣಿ ಮಾತ್ರ ಬೂದಿ ಬಳಿದ ಹಾಗಿತ್ತು. ಬೆಳಕು ಸಾಲದೇ ಹೋಗಿತ್ತು.

ಅಪ್ಪ ಕೈಚೆಲ್ಲಲಿಲ್ಲ. ಸ್ಟುಡಿಯೊದಲ್ಲಿ ಮದುಮಕ್ಕಳು ತಲೆ ಬಾಚಿಕೊಳ್ಳಲೆಂದು ಇಟ್ಟಿದ್ದ ನಿಲುವುಗನ್ನಡಿಯನ್ನು ಗೋಡೆಯಿಂದ ಬಿಚ್ಚಿದ. ಅಂಗಳದಲ್ಲಿ ನಿಂತು ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು, ಹಜಾರದ ಪಕ್ಕದ ಗೋಡೆಯಲ್ಲಿ ತಟ್ಟಿಗಳಿಂದ ದೂರ ಇದ್ದ ಒಂದು ಗವಾಕ್ಷಿಯ ಮೂಲಕ ಅಟ್ಟಕ್ಕೆ ಹಾಯಿಸುವುದು. ನಾನು ಒಳಗೆ ಬಿಳೀ ಪಂಚೆ ಕಟ್ಟಿ ಆ ಬೆಳಕನ್ನು ಚಾವಣಿಗೆ ಹರಡುವುದು. ಇದು ಅಪ್ಪನ ಉಪಾಯ.

"ಬೆಳಕು ಜೇನಿನ್ ಮೇಲೆ ಬಿದ್ರೆ?" ಅಂತ ಕೇಳಿದ್ದೆ.

"ಯಾಕ್ ಬೀಳತ್ತೆ? ನಂಗೆ ಕಣ್ಣಿಲ್ವಾ?" ಅಂದಿದ್ದ.

ಮತ್ತೆ ಹೋದೆವು. ಬಿಸಿಲು ಚೆನ್ನಾಗಿತ್ತು. ನಾನು ಅಟ್ಟ ಹತ್ತಿ, ಪಂಚೆ ಕಟ್ಟಿ, ಮಲಗಿದೆ. ಗವಾಕ್ಷಿಯಿಂದ ಒಮ್ಮೆಲೇ ಬೆಳಕು ನುಗ್ಗಿ ಬಂತು. ವೀರಭದ್ರನ ಸೊಂಟದ ಪಟ್ಟಿಯ ಹಳದಿ, ಗಣವೊಂದರ ನೀಲಿ ಚಡ್ಡಿ, ಮೋಡಗಳ ಅಂಚು ಎಲ್ಲವೂ ಎದ್ದು ಬಂದವು. ನನ್ನ ಹೆದರಿಕೆಯೂ ಒಂದು ಗಳಿಗೆ ಮರೆತುಹೋಯಿತು. "ಬಂತು ಅಪ್ಪಾ!" ಅಂದೆ. ಒಂದು ಫೋಟೊ ಆಯಿತು, ಇನ್ನೊಂದು ಆಯಿತು. ಮತ್ತೊಂದಕ್ಕೆ ಶಟರ್ ತೆರೆದಾಗ ಬೆಳಕು ನಿಧಾನವಾಗಿ ಚಾವಣಿಯಿಂದ ಜಾರಿ ಹೋಯಿತು. ಮೋಡ ಬಂತೇನೋ ಅಂದುಕೊಂಡೆ. ಹಂಚಿನ ಸಂದಿ ನೋಡಿದರೆ ಬಿಸಿಲು ಹಾಗೇ ಇತ್ತು.

"ಅಪ್ಪಾ, ಎಡಕ್ಕೆ. ಬೆಳಕು ಹೋಯ್ತು, ಎಡಕ್ಕೆ ತಿರ್ಗಿಸು."

"ಸರೀಗಿದೆಯಲ್ಲ ಮಗಾ," ಅಂದ ಅಪ್ಪ ಅಂಗಳದಿಂದ.

ಆ ಮಾತು ಮುಗಿಯುವುದಕ್ಕೂ ಮೊರೆತ ನಿಲ್ಲುವುದಕ್ಕೂ ಸರಿಹೋಯಿತು. ದಿನವಿಡೀ ಕಿವಿಯಲ್ಲಿದ್ದ ಸದ್ದು ಒಂದು ಕ್ಷಣ ಇಲ್ಲವಾಯಿತು. ಆಮೇಲೆ ಹಂಚಿನ ಮೇಲೆ ದಬದಬ ಮಳೆ ಬಿದ್ದಂಥ ಸದ್ದು.

ಕಿಟಕಿಯ ಬಿರುಕಿಗೆ ಕಣ್ಣಿಟ್ಟೆ. ಅಂಗಳದ ಮೇಲೆ ಕಪ್ಪು ಹೊಗೆ ಇಳಿಯುತ್ತಿತ್ತು. ಅದರ ನಡುವೆ ಅಪ್ಪ ಎರಡೂ ಕೈಗಳಲ್ಲಿ ಕನ್ನಡಿ ಹಿಡಿದೇ ನಿಂತಿದ್ದ. ಕನ್ನಡಿ ಒಡೆಯಬಾರದು ಅಂತ ಇರಬೇಕು, ಅದನ್ನು ನೆಲಕ್ಕೆ ಬಿಡಲು ಹೋಗದೆ ಮುಖವನ್ನು ಅತ್ತಿತ್ತ ಒಗೆಯುತ್ತಿದ್ದ. ಆಮೇಲೆ ಕನ್ನಡಿ ಬಿತ್ತು. ಅಪ್ಪ ಓಡಿದ. ಓಡಿದ್ದು ನಮ್ಮ ಕಡೆಗಲ್ಲ, ಅಂಗಳದ ಆಚೆಯ ಖಾಲಿ ಗೋಡೆಯ ಕಡೆಗೆ. ದಾರಿ ಕಾಣದವನ ಹಾಗೆ ಗೋಡೆಯನ್ನು ಸವರುತ್ತ ಓಡಿದ.

ನಾನು ತೊಲೆಯನ್ನೂ ನೋಡಲಿಲ್ಲ, ಹಲಗೆಯನ್ನೂ ನೋಡಲಿಲ್ಲ. ಒಂದು ಕಾಲು ಹಲಗೆ ಮುರಿದು ಮಂಡಿಯತನಕ ಇಳಿಯಿತು. ಎಳೆದುಕೊಂಡೆ. ಏಣಿ ಇಳಿದೆನೋ ಬಿದ್ದೆನೋ ನೆನಪಿಲ್ಲ. ಹಜಾರದ ಬಾಗಿಲಿಗೆ ಬರುವಷ್ಟರಲ್ಲಿ ಸ್ವಾಮಿಗಳು ನನ್ನನ್ನು ಪಕ್ಕಕ್ಕೆ ತಳ್ಳಿ ಹೊರಗೆ ಹೋಗಿಯೇಬಿಟ್ಟಿದ್ದರು, ತಲೆಯ ಮೇಲೆ ಒಂದು ಕಂಬಳಿ, ಕೈಯಲ್ಲಿ ಇನ್ನೊಂದು. ಆ ಬಾಗಿದ ಬೆನ್ನಿನ ಮುದುಕರು ಅಷ್ಟು ಜೋರಾಗಿ ನಡೆಯಬಲ್ಲರೆಂದು ಯಾರು ನಂಬುತ್ತಿದ್ದರು! ಅಪ್ಪನ ಮೇಲೆ ಕಂಬಳಿ ಹಾಕಿ, ಕಂಕುಳಿಗೆ ಕೈಕೊಟ್ಟು ಎಳೆದು ತಂದರು. ನಾನು ಇನ್ನೊಂದು ಕಡೆ ಹಿಡಿದೆ. ನನ್ನ ಕೆನ್ನೆಗೆ, ಕತ್ತಿಗೆ ಕೆಂಡ ಒತ್ತಿದ ಹಾಗಾಯಿತು. ಮೂವರೂ ಗದ್ದುಗೆಯ ಕೋಣೆಗೆ ನುಗ್ಗಿದೆವು. ಸ್ವಾಮಿಗಳು ಬಾಗಿಲು ಎಳೆದು ಅಡಿಯ ಸಂದಿಗೆ ಕಂಬಳಿ ತುರುಕಿದರು.

ಕತ್ತಲೆ. ಗದ್ದುಗೆಯ ಮೇಲಿನ ಸಣ್ಣ ದೀಪ ಒಂದೇ. ನಮ್ಮ ಬಟ್ಟೆಯೊಳಗೆ ಸೇರಿಕೊಂಡು ಬಂದಿದ್ದ ಹುಳಗಳು ಆ ಬೆಳಕಿಗೆ ಗುಂಯ್‌ಗುಡುತ್ತ ಹಾರಾಡಿದವು. ಅವನ್ನು ಹೊಡೆದು ಮುಗಿಸುವತನಕ ನಾನು ಏನು ಕಿರುಚಿದೆನೋ ಗೊತ್ತಿಲ್ಲ. ಬಾಗಿಲಿಗೆ ಹೊರಗಿನಿಂದ ಹುಳಗಳು ಬಡಿದುಕೊಳ್ಳುತ್ತಿದ್ದವು. ಯಾರೋ ಹಿಡಿಹಿಡಿ ಅಕ್ಕಿ ಎರಚುತ್ತಿದ್ದಾರೆ ಅನ್ನಿಸುತ್ತಿತ್ತು.

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಮುಖದ ತುಂಬ, ಕಿವಿಯ ತುಂಬ ಮುಳ್ಳು. ಕಣ್ಣು ಎರಡೂ ಮುಚ್ಚಿ ಊದಿಹೋಗಿದ್ದವು. ನಾನು ಉಗುರಿನಿಂದ ಒಂದೊಂದೇ ಮುಳ್ಳನ್ನು ಕೆರೆದು ತೆಗೆಯತೊಡಗಿದೆ. ಅರ್ಧ ಮುರಿದು ಅಲ್ಲೇ ಉಳಿಯುತ್ತಿದ್ದವು.

"ಕ್ಯಾಮೆರಾ ಎಲ್ಲಿ?" ಅಂದ ಅಪ್ಪ. ತುಟಿ ಊದಿ ಮಾತು ತೊದಲಾಗಿತ್ತು.

"ಹಾಳಾಗ್ ಹೋಗ್ಲಿ ನಿನ್ ಕ್ಯಾಮೆರಾ!"

"ಮಗಾ, ನಂಗೆ ಬೆಳ್ಕು ಎಲ್ಲಿ ಬೀಳ್ತಿದೆ ಅಂತ ಕಾಣ್ಲಿಲ್ಲ," ಅಂದ. ಆಮೇಲೆ, "ಬಾಳ ದಿನದಿಂದ ಕಾಣ್ತಿಲ್ಲ" ಅಂದ.

ಫೋಕಸ್ ನನಗೆ ಬಿಡುತ್ತಿದ್ದದ್ದು, ಕಂಬಗಳನ್ನು ಬೆರಳಿನಿಂದ ಸವರುತ್ತಿದ್ದದ್ದು ಎಲ್ಲವೂ ನನಗೆ ಆ ಕತ್ತಲೆಯಲ್ಲಿ ಒಟ್ಟಿಗೇ ಅರ್ಥವಾಯಿತು. ಅಷ್ಟು ಹೊತ್ತಿಗೆ ಅವನ ಉಸಿರಿನಲ್ಲಿ ಸಿಳ್ಳೆ ಕೇಳಿಸತೊಡಗಿತ್ತು. ಎದೆ ಎಳೆದುಕೊಳ್ಳುತ್ತಿತ್ತು. ಅಪ್ಪ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಆ ಹಿಡಿತದಲ್ಲಿ ಅವನಿಗೆ ಎಷ್ಟು ಹೆದರಿಕೆಯಾಗಿದೆ ಎಂದು ಗೊತ್ತಾಯಿತು.

ಗದ್ದುಗೆಯ ಹಿಂದೆ ಅಡಿಗೆಮನೆಗೆ ಹೋಗುವ ಒಂದು ಇಕ್ಕಟ್ಟಿನ ಓಣಿ ಇತ್ತು. ಅಡಿಗೆಯ ಅಕ್ಕ ಅದರಿಂದ ಸುಣ್ಣ, ಈರುಳ್ಳಿ ಹಿಡಿದುಕೊಂಡು ಬಂದರು. ಅಪ್ಪನನ್ನು ಒಂದು ಸಲ ನೋಡಿ, ತಂದದ್ದನ್ನು ಹಾಗೇ ಕೆಳಗಿಟ್ಟರು. "ಬುದ್ಧಿ, ಇದು ಆಸ್ಪತ್ರೆಗೆ ಹೋಗ್ಬೇಕಾದ್ದು" ಅಂದರು.

ಅಡಿಗೆಮನೆಯ ಹಿಂದೆ ದರೆ, ಎದ್ದು ನಿಂತ ಗೋಡೆಯಂಥದ್ದು. ಹೊರಗೆ ಹೋಗಲು ಇದ್ದದ್ದು ಅಂಗಳದ ದಾರಿ ಒಂದೇ. ಆಚೆ ಎಲ್ಲೋ ದೂರದಲ್ಲಿ ಜೀಪಿನ ಹಾರನ್ ಕೇಳಿಸಿತು, ನಿಂತು ನಿಂತು. ರೈಟರ್ ಹುಳ ಎದ್ದದ್ದನ್ನು ಕಂಡು ಜೀಪನ್ನು ತಿರುವಿನ ಕೆಳಗೆ ಇಳಿಸಿಕೊಂಡು, ನಾನಿಲ್ಲಿದೀನಿ ಎಂದು ಹಾರನ್ ಹಾಕುತ್ತಿದ್ದರು.

"ಸೂರ್ಯ ಇಳಿದ್ರೆ ತಣ್ಣಗಾಗ್ತವೆ," ಅಂದರು ಸ್ವಾಮಿಗಳು. ಅಪ್ಪನ ಎದೆಯ ಮೇಲೆ ಕೈಯಿಟ್ಟು ಕೂತಿದ್ದರು. ಅವರ ಕೈಗಳೂ ಊದಿ ಬೆರಳು ಮಡಚಲು ಬರುತ್ತಿರಲಿಲ್ಲ.

"ಅಲ್ಲೀವರ್ಗೆ ಅಪ್ಪ ಇರ್ತಾರಾ ಬುದ್ಧಿ?" ಅಂದೆ.

ಅಪ್ಪನ ಉಸಿರಿನ ಸಿಳ್ಳೆ ಒಂದು ಸಲ ನಿಂತು, ಮತ್ತೆ ಶುರುವಾಯಿತು. ಸ್ವಾಮಿಗಳು ಎದ್ದರು. ಗದ್ದುಗೆಗೆ ಹಣೆ ಹಚ್ಚಿ, "ತಪ್ಪಾಯ್ತು ಗುರುವೇ" ಅಂದರು. ತಿರುಗಿ ಅಡಿಗೆಯ ಅಕ್ಕನಿಗೆ, "ಒಲೆಯಿಂದ ಕೆಂಡ ತಾ. ಹಸೀ ಸೊಪ್ಪು, ತೆಂಗಿನ ನಾರು, ಎಷ್ಟಿದ್ರೆ ಅಷ್ಟು" ಅಂದರು.

ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಕೆಂಡ, ಅದರ ಮೇಲೆ ನಾರು, ಸೊಪ್ಪು. ಹೊಗೆ ದಟ್ಟವಾಗಿ ಎದ್ದಿತು. ನಮ್ಮ ಕಣ್ಣು, ಮೂಗು ಉರಿದವು. ಅಪ್ಪ ಕೆಮ್ಮಿ ಕೆಮ್ಮಿ ನನ್ನ ಮೇಲೆ ಒರಗಿದ. ಒದ್ದೆ ಮಾಡಿದ ಕಂಬಳಿಯನ್ನು ಅಪ್ಪನಿಗೂ ನನಗೂ ಒಟ್ಟಿಗೇ ಹೊದೆಸಿದರು. ಬಾಣಲೆಯ ಒಂದು ಕಿವಿ ಸ್ವಾಮಿಗಳು, ಇನ್ನೊಂದು ಅಡಿಗೆಯ ಅಕ್ಕ ಗೋಣಿಚೀಲದಲ್ಲಿ ಹಿಡಿದರು. ಬಾಗಿಲು ತೆರೆದರು.

ಆ ಅಂಗಳ ದಾಟಿದ್ದು ನನ್ನ ಕನಸಿನಲ್ಲಿ ಬಂದಷ್ಟು ಸಲ ಬೇರೇನೂ ಬಂದಿಲ್ಲ. ಕಂಬಳಿಯೊಳಗೆ ನನಗೆ ಕಾಣುತ್ತಿದ್ದದ್ದು ನೆಲ, ಅಪ್ಪನ ಪಾದ, ಒಡೆದ ಕನ್ನಡಿಯ ಚೂರುಗಳು. ಕಂಬಳಿಯ ಮೇಲೆ ಹುಳಗಳು ಬಿದ್ದು ಏಳುವ ಸದ್ದು. ಮುಂದೆ ಸ್ವಾಮಿಗಳ ದನಿ ಒಂದೇ ಸಮನೆ ಕೇಳುತ್ತಿತ್ತು: "ಬನ್ನಿ ಯಜಮಾನ್ರೇ, ಬನ್ನಿ, ಉಸಿರು ಬಿಡಿ, ಬನ್ನಿ." ಓಡಬಾರದು. ಓಡಿದರೆ ಅಪ್ಪ ಬೀಳುತ್ತಾನೆ. ಓಡದೇ ನಡೆಯುವುದು ಎಷ್ಟು ಕಷ್ಟ! ಅರಳೀಕಟ್ಟೆ ದಾಟಿ, ತಿರುವು ಇಳಿದಾಗ ರೈಟರ್ ತಲೆಗೆ ಟವೆಲ್ ಸುತ್ತಿಕೊಂಡು ಎದುರು ಓಡಿಬಂದರು.

"ನಾನ್ ಬಿಟ್ಟೋದೆ ಅಂತ ತಿಳ್ಕೋಬೇಡಿ ತಂಗೀ, ಬಿಟ್ಟೋಗಿಲ್ಲ," ಎಂದು ಅಳುತ್ತಲೇ ಅಪ್ಪನನ್ನು ಎತ್ತಿ ಜೀಪಿಗೆ ಹಾಕಿದರು.

ಕಳಸದ ಆಸ್ಪತ್ರೆ ಮುಟ್ಟುವಾಗ ಅಪ್ಪನಿಗೆ ಪ್ರಜ್ಞೆ ಇರಲಿಲ್ಲ. ಡಾಕ್ಟರು ಊಟದ ಕೈಯನ್ನೂ ತೊಳೆದುಕೊಳ್ಳದೆ ಎದ್ದು ಬಂದು ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಇನ್ನೊಂದ್ ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು. ಈಗ ಉಸಿರು ಸರಿಯಾಗ್ತಿದೆ" ಅಂದರು. ನಾನು ಅಲ್ಲೇ ವರಾಂಡದ ನೆಲದ ಮೇಲೆ ಕೂತುಬಿಟ್ಟೆ. ಆಗಲೇ ನನ್ನ ಮೊಣಕಾಲು ಸೀಳಿರುವುದು, ಸೀರೆಯೆಲ್ಲ ರಕ್ತವಾಗಿರುವುದು ಕಂಡದ್ದು.

ಅಪ್ಪ ಇನ್ನೂ ಹಾಸಿಗೆಯಲ್ಲಿದ್ದಾಗ ನಾನು ಮತ್ತೆ ಮಠಕ್ಕೆ ಹೋದೆ. ಕ್ಯಾಮೆರಾ ಅಟ್ಟದಲ್ಲೇ ಇತ್ತು, ಅದಕ್ಕಿಂತ ಹೆಚ್ಚಾಗಿ ಕೆಲಸ ಅರ್ಧಕ್ಕೆ ನಿಂತಿತ್ತು. ಜೀಪಿನಿಂದ ಇಳಿಯುವುದಕ್ಕೇ ನನಗೆ ಬಹಳ ಹೊತ್ತು ಹಿಡಿಯಿತು. ಆದರೆ ಯಾವ ಸದ್ದೂ ಇರಲಿಲ್ಲ. ಸೂರಿನಡಿ ತಟ್ಟಿಗಳಿದ್ದ ಜಾಗದಲ್ಲಿ ಮೇಣದ ಕಲೆಗಳು ಮಾತ್ರ ಉಳಿದಿದ್ದವು. ಹೊಗೆಗೆ ಎದ್ದುಹೋದ ಹುಳ ತಿರುಗಿ ಬಂದಿರಲಿಲ್ಲ.

ನನ್ನ ಮೈಯಿಂದ ಭಾರ ಇಳಿದ ಹಾಗಾಯಿತು. ಸ್ವಾಮಿಗಳು ಜಗಲಿಯ ಮೇಲೆ, ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಆ ಖಾಲಿ ಸೂರನ್ನೇ ನೋಡುತ್ತ ಕೂತಿದ್ದರು.

"ಯಜಮಾನ್ರು ಹೇಗಿದಾರೆ ತಾಯಿ?" ಅಂದರು. ಹೇಳಿದೆ. "ಒಳ್ಳೇದಾಯ್ತು," ಅಂದರು. ಆಮೇಲೆ, "ನಮ್ಮ ಗುರುಗಳ ಗುರುಗಳ ಕಾಲ್ದಿಂದ ಬರ್ತಿದ್ವು. ಇನ್ ಬರ್ತವೋ ಇಲ್ವೋ" ಅಂದರು. ಅವರ ಕಣ್ಣಿನಲ್ಲಿ ನೀರಿತ್ತು. ಅವರ ಸಂಕಟಕ್ಕೂ ನನ್ನ ನೆಮ್ಮದಿಗೂ ಕಾರಣ ಒಂದೇ ಆಗಿತ್ತು. ಕಾಲಿಗೆ ಬಿದ್ದು ಅಟ್ಟಕ್ಕೆ ಹೋದೆ.

ಈಗ ಕಿಟಕಿಗಳನ್ನು ತೆರೆಯಬಹುದಿತ್ತು. ಒಂದೊಂದಾಗಿ ತೆರೆದೆ. ಹಗಲು ಬೆಳಕಿನಲ್ಲಿ ವೀರಭದ್ರನಿಗೆ ಸ್ವಲ್ಪ ಮಾಲಗಣ್ಣು ಇರುವುದು ಕಂಡಿತು. ಹಲಗೆ ಹಾಗೇ ಕಿರುಗುಟ್ಟುತ್ತಿತ್ತು, ನನ್ನ ಕಾಲು ಹೋದ ತೂತು ಹಾಗೇ ಇತ್ತು. ಎಣಿಸಲು ಕೆಳಗೆ ಅಪ್ಪ ಇರಲಿಲ್ಲ. ಹೆದರುತ್ತಲೇ ಇದ್ದೆ, ಹೆದರಿಕೆ ಹೋಗಲಿ ಅಂತ ಕಾಯುತ್ತಾ ಕೂತರೆ ಸಂಜೆಯಾಗುತ್ತದೆ ಅನ್ನಿಸಿ, ಹೆದರಿಕೊಂಡೇ ಮಲಗಿ ಚಾವಣಿಯನ್ನು ಮೂಲೆಮೂಲೆಯಾಗಿ ತೆಗೆದೆ.

ಆ ಮಳೆಗಾಲಕ್ಕೆ ಮುಂಚೆ ಮಾಡು ಬಿಚ್ಚಿದರು. ಚಿತ್ರದ ಹಲಗೆಗಳಲ್ಲಿ ಅರ್ಧದಷ್ಟು ಕೈಯಲ್ಲಿ ಹಿಡಿದರೆ ಪುಡಿಯಾದವಂತೆ. ನಮ್ಮ ಫೋಟೊ ನೋಡಿಕೊಂಡು ಕಂಬ, ಬೋದಿಗೆ ಮತ್ತೆ ನಿಲ್ಲಿಸಿದರು. ಚಾವಣಿಯ ಚಿತ್ರಗಳು ನಾನು ತೆಗೆದ ಫೋಟೊಗಳಾಗಿ ಗಾಜಿನೊಳಗೆ ಮಠದ ಗೋಡೆಯ ಮೇಲಿವೆ.

ಅಪ್ಪನ ಕಣ್ಣಿನ ಪೊರೆ ತೆಗೆಸಿದೆವು. ಕನ್ನಡಕ ಹಾಕಿಕೊಂಡು ಆ ಫೋಟೊಗಳನ್ನು ಮೇಜಿನ ಮೇಲೆ ಹರಡಿ ಇಡೀ ಒಂದು ದಿನ ನೋಡಿದ. ಅವನು ಅಟ್ಟ ಹತ್ತಿದವನೇ ಅಲ್ಲ. "ಇಷ್ಟ್ ಚೆಂದ ಇತ್ತಾ ಮಗಾ?" ಅಂದ.

ಆದರೆ ಹೆಣದ ತಲೆ ನೆಟ್ಟಗೆ ಮಾಡುತ್ತಿದ್ದ, ಹಗ್ಗ ಹಿಡಿದು ಕಣಿವೆಗೆ ಇಳಿಯುತ್ತಿದ್ದ ಆ ಮನುಷ್ಯ ತಿರುಗಿ ಬರಲಿಲ್ಲ. ಹೊರಗಿನ ಕೆಲಸವೆಲ್ಲ ನನಗೆ ಬಂತು. ಅಪ್ಪ ಸ್ಟುಡಿಯೊದಲ್ಲೇ ಇರುತ್ತಿದ್ದ. ಎರಡು ಸಾವಿರದ ಇಸವಿ ದಾಟಿ, ಡಿಜಿಟಲ್ ಬಂದು, ಡಾರ್ಕ್ ರೂಮು ಸಾಮಾನಿನ ಕೋಣೆಯಾದ ಮೇಲೂ ಅವನ ಹೆದರಿಕೆ ಹೋಗಲಿಲ್ಲ. ಬೇಸಿಗೆಯ ಮಧ್ಯಾಹ್ನ ಗಿರಾಕಿ ಇಲ್ಲದಾಗ ನೋಡಿದರೆ ಅವನು ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯ ಕೈಗಳನ್ನು ಗ‌ಟ್ಟಿಯಾಗಿ ಹಿಡಿದು, ತಲೆಯ ಮೇಲೆ ಗುಂಯ್ ಅನ್ನುವ ಹಳೇ ಫ್ಯಾನನ್ನು ನೋಡುತ್ತ ಕೂತಿರುತ್ತಿದ್ದ. ಸೆಕೆ ಎಷ್ಟಿದ್ದರೂ ನಾನು ಎದ್ದು ಹೋಗಿ ಸ್ವಿಚ್ ಆಫ್ ಮಾಡುತ್ತಿದ್ದೆ.